ಮಡಿ ಅಲ್ಲ ದೊಡ್ಡಪ್ಪ

(ಗುಂಪು: ಕೆಳಮನೆ ಬಳಗ)

ಸುಬ್ಬಣ್ಣ ದೊಡ್ಡಪ್ಪ: [ಫಾರ್ವರ್ಡ್] ಆರೇ ಸಿಟ್ಟಿಂಗ್! ಮನಸ್ಸಿನ ಯಾವ ಕಾಯಿಲೆಯಾದರೂ ಮಾಯ! ಎಲ್ಲರಿಗೂ ಒಂದೇ ಥೆರಪಿ! ಹತ್ತು ಜನರಿಗೆ ಕಳಿಸಿ 🙏

ಸುಬ್ಬಣ್ಣ ದೊಡ್ಡಪ್ಪ: ಅನು, ನೋಡು. ನೀನು ನಾಲ್ಕು ತಿಂಗಳಿಂದ ಹೋಗ್ತಾ ಇದ್ದೀಯ. ಇಲ್ಲಿ ಆರರಲ್ಲೇ ಮುಗಿಸ್ತಾರಂತೆ.

ಕಿರಣ: ಅಪ್ಪಾ, ಎಲ್ಲಾದಕ್ಕೂ ಒಂದೇ ಕಷಾಯ ಅಂದ ಪಂಡಿತನ ಹತ್ರ ಮಂಡಿನೋವಿಗೆ ಹೋಗಿದ್ರಲ್ಲ, ಎಂತ ಆಯ್ತು?

ಸುಬ್ಬಣ್ಣ ದೊಡ್ಡಪ್ಪ: ಅದು ಬೇರೆ ವಿಷಯ.

ಸರೋಜ ಅತ್ತೆ: ಅವಳಿಗೆ ಕಾಯಿಲೆ ಅಂತ ಯಾಕೆ ಅಂತೀರೋ. ಕೈ ಸ್ವಲ್ಪ ಜಾಸ್ತಿ ತೊಳೀತಾಳೆ. ನಮ್ಮಜ್ಜಿ ಮಡಿ ಇದಕ್ಕಿಂತ ಹೆಚ್ಚಿತ್ತು.

ಸುಮ: ಅತ್ತಿಗೆ, ನಿಮ್ಮಜ್ಜಿ ಮಡಿ ಬಿಚ್ಚಿಟ್ಟು ಸಂಜೆ ಕವಡೆ ಆಡ್ತಿದ್ರು ಅಂತ ನೀವೇ ಹೇಳಿದ್ದು. ಇವಳು ಬಚ್ಚಲಲ್ಲಿ ಎರಡು ಗಂಟೆ ನಿಂತು, ಕೈ ಸಿಪ್ಪೆ ಎದ್ದು, ಅಳ್ತಾ ಹೊರಗೆ ಬರ್ತಿದ್ಲು. ಮಡಿಗೆ ಒಂದು ಮುಗಿಯೋ ಹೊತ್ತಿದೆ. ಇದಕ್ಕೆ ಇರ್ಲಿಲ್ಲ.

ಸುಬ್ಬಣ್ಣ ದೊಡ್ಡಪ್ಪ: ಸರಿ, ಮೊದಲಿನ ಮೇಡಂನ ಬಿಟ್ಟಿದ್ದು ಯಾಕೆ? ಒಂದು ಕಡೆ ಗಟ್ಟಿಯಾಗಿ ನಿಲ್ಲಬೇಕು.

ಅನು: ನಾನೇ ಹೇಳ್ತೀನಿ ದೊಡ್ಡಪ್ಪ. ಆ ಮೇಡಂ ಒಳ್ಳೆಯವರೇ. ಎಂಟು ವಾರ ನನ್ನ ಬಾಲ್ಯದ ಬಗ್ಗೆ ಮಾತಾಡಿದ್ವಿ. ಮನಸ್ಸು ಹಗುರ ಆಗ್ತಿತ್ತು, ಮನೆಗೆ ಬಂದ್ರೆ ಮತ್ತೆ ನಲ್ಲಿ ಹತ್ರ. ಅಪ್ಪ ತೀರಿಕೊಂಡಾಗ ನನಗೆ ಅಂಥವರೇ ಬೇಕಿತ್ತು. ಈಗಿರೋದು ಒಸಿಡಿ, ಅಂದ್ರೆ ಬೇಡದ ಯೋಚನೆ ಪದೇ ಪದೇ ಬಂದು, ಮಾಡಿದ್ದನ್ನೇ ಮಾಡಿಸೋ ಕಾಯಿಲೆ. ಅದಕ್ಕೆ ಬೇರೆ ಥರ. ಇಆರ್‌ಪಿ ಅಂತಾರೆ, ಯೋಚನೆ, ನಡವಳಿಕೆ ಬದಲಿಸೋ ಸಿಬಿಟಿ ಅನ್ನೋ ಥೆರಪಿಯದೇ ಒಂದು ಬಗೆ. ಭಯ ಆಗೋದನ್ನ ಬೇಕಂತಲೇ ಮುಟ್ಟೋದು, ಮುಟ್ಟಿ ತೊಳೀದೆ ಕೂರೋದು. ಸುಲಭದ್ದು ಮೊದಲು. ಭಯಕ್ಕೆ ನೂರಕ್ಕೆ ಇಷ್ಟು ಅಂತ ಅಂಕ ಹಾಕ್ಬೇಕು. ಬಾಗಿಲ ಚಿಲಕಕ್ಕೆ 45, ಬಸ್ಸಿನ ಕಂಬಿಗೆ 80. ಹೋದ ವಾರ ಮೆಜೆಸ್ಟಿಕ್‌ನಿಂದ ಜಯನಗರದ ತನಕ ಕಂಬಿ ಹಿಡಿದು ನಿಂತೆ. ಇಳಿಯೋಷ್ಟರಲ್ಲಿ 50.

ಸರೋಜ ಅತ್ತೆ: ಅಯ್ಯೋ ಮಗೂ, ಚಿತ್ರಹಿಂಸೆ ಅದು! ದುಡ್ಡು ಕೊಟ್ಟು!

ಸುಮ: ಹಿಂಸೆ ನನಗೂ ಇದೆ ಅತ್ತಿಗೆ. "ಕೈ ಕ್ಲೀನ್ ಇದೆಯಾ ಅಮ್ಮಾ" ಅಂತ ದಿನಾ ಐವತ್ತು ಸಲ ಕೇಳೋಳು. "ಇದೆ ಪುಟ್ಟಿ" ಅಂತಿದ್ದೆ. ಆ ಉತ್ತರವೇ ಕಾಯಿಲೆಗೆ ಗೊಬ್ಬರ ಅಂತೆ. ಈಗ ಬಾಯಿ ಮುಚ್ಚಿಕೊಂಡು ಕೂರೋದು ನನ್ನ ಹೋಂವರ್ಕ್.

ಕಿರಣ: ಚಿಕ್ಕಮ್ಮ, ನೀವು? ಬಾಯಿ ಮುಚ್ಚಿಕೊಂಡು? 😄

ಸುಬ್ಬಣ್ಣ ದೊಡ್ಡಪ್ಪ: ಮಾತ್ರೆ ಸಾಲಲ್ವಾ ಹಾಗಾದ್ರೆ?

ಅನು: ಮಾತ್ರೆಯೂ ಇದೆ. ಅದನ್ನ ಬರೆಯೋದು ಸೈಕಿಯಾಟ್ರಿಸ್ಟ್, ಥೆರಪಿ ಮಾಡ್ತಿರೋದು ಕ್ಲಿನಿಕಲ್ ಸೈಕಾಲಜಿಸ್ಟ್. ಈ ಸಲ ಸೇರೋ ಮುಂಚೆ ಎಲ್ಲಾ ಕೇಳ್ಕೊಂಡೆ. ಆರ್‌ಸಿಐ ಅಂತ ಕ್ಲಿನಿಕಲ್ ಸೈಕಾಲಜಿಸ್ಟ್‌ಗಳನ್ನ ನೋಂದಾಯಿಸೋ ಸರ್ಕಾರಿ ಸಂಸ್ಥೆ ಇದೆ, ಅದರ ನೋಂದಣಿ ಇದೆಯಾ, ಇಆರ್‌ಪಿ ಮಾಡಿಸ್ತೀರಾ, ಎಷ್ಟು ದಿನ ಅಂತ. 12ರಿಂದ 20 ಸಿಟ್ಟಿಂಗ್ ಅಂದ್ರು, ಮಾಯ ಅನ್ನಲಿಲ್ಲ. ಕನ್ನಡದಲ್ಲಿ ಮಾತಾಡಬಹುದಾ ಅಂತಾನೂ ಕೇಳಿದೆ. "ಮೈಲಿಗೆ" ಅನ್ನೋದನ್ನ ನಾನು ಇಂಗ್ಲಿಷಲ್ಲಿ ಹೇಗೆ ಹೇಳಲಿ?

ಸರೋಜ ಅತ್ತೆ: ನಾನಂತೂ ಒಪ್ಪಲ್ಲ. ಬೆಳಿಗ್ಗೆ ಎದ್ದು ಎರಡು ಕೊಡ ನೀರು ಸೇದಿದ್ರೆ ಎಲ್ಲಾ ಸರಿಹೋಗತ್ತೆ.

ಕಿರಣ: ಅತ್ತೆ, ನೀರು ಕೊಟ್ರೆ ಅವಳು ಕೈ ತೊಳೀತಾಳೆ.

ಸುಬ್ಬಣ್ಣ ದೊಡ್ಡಪ್ಪ: ಊರಲ್ಲಿ ಇರೋರು ಎಂತ ಮಾಡೋದು?

ಅನು: ಟೆಲಿ ಮಾನಸ್ ಅಂತ ಮನಸ್ಸಿನ ತೊಂದರೆಗೆ ಸಹಾಯವಾಣಿ ಇದೆ, 14416. ಸರ್ಕಾರದ್ದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡ್ತಾರೆ. ರಾತ್ರಿನೂ ಮಾಡಬಹುದು. ಯಾಕೆ ದೊಡ್ಡಪ್ಪ?

ಸುಬ್ಬಣ್ಣ ದೊಡ್ಡಪ್ಪ: ನಿನ್ನ ದೊಡ್ಡಮ್ಮ ಗ್ಯಾಸ್ ಆಫ್ ಆಗಿದೆಯಾ ಅಂತ ರಾತ್ರಿ ಎದ್ದೆದ್ದು ನೋಡ್ತಾಳೆ. ನಾನೂ "ಆಗಿದೆ, ಮಲಕ್ಕೋ" ಅಂತಿರ್ತೀನಿ.

ಅನು: ಎಷ್ಟು ಸಲ ಏಳ್ತಾರೆ?

ಸುಬ್ಬಣ್ಣ ದೊಡ್ಡಪ್ಪ: ಗುಂಪಲ್ಲಿ ಬೇಡ. ಫೋನ್ ಮಾಡ್ತೀನಿ.