ರೀಲ್‌ನಲ್ಲಿ ಕಂಡ ಪಾರ್ಕು ಯಾರ ಹೆಸರಿನಲ್ಲಿದೆ?

ಗುಂಪು: ಹಲಸಿನಮರದ ಮನೆ
ಶನಿವಾರ ರಾತ್ರಿ

ಪವನ್: [ರೀಲ್] "ಕೆಂಗೇರಿಯಿಂದ ಬರೀ 20 ನಿಮಿಷ! ಎಂಟು ಪಾರ್ಕ್, ವಾಕಿಂಗ್ ಟ್ರ್ಯಾಕ್, ಕೈಗೆಟುಕುವ ಬೆಲೆಗೆ ಸೈಟು!" ರಘು ಅಣ್ಣ, ಹುಡುಕುತ್ತಿದ್ದೆಯಲ್ಲ, ನೋಡು.

ರಘು: ನೋಡಿದೆ ಕಣೋ. ಚೆನ್ನಾಗಿದೆ. ಮಾರತ್ತಹಳ್ಳಿಯಲ್ಲಿ ಬಾಡಿಗೆ ಕಟ್ಟಿ ಕಟ್ಟಿ ಸಾಕಾಗಿದೆ. ಪಾಪು ಆಡುವುದು ಲಿಫ್ಟ್ ಮುಂದೆ.

ನಾಗರಾಜ ಚಿಕ್ಕಪ್ಪ: ತಡ ಮಾಡಬೇಡ ರಘು. ಭೂಮಿಗೆ ಹಾಕಿದ ದುಡ್ಡು ಎಲ್ಲೂ ಹೋಗುವುದಿಲ್ಲ. ನಾಳೆಯೇ ಹೋಗಿ ಟೋಕನ್ ಅಡ್ವಾನ್ಸ್ ಕೊಡು.

ಶಾರದಾ ದೊಡ್ಡಮ್ಮ: 20 ನಿಮಿಷ ಅಂದರೆ ಯಾವ ಹೊತ್ತಿನಲ್ಲಪ್ಪಾ? ಬೆಳಗಿನ ಜಾವ ಮೂರು ಗಂಟೆಗಾ?

ಪವನ್: 😂😂

ದಿವ್ಯ: ಅದನ್ನೇ ನಾನೂ ಕೇಳಿದೆ ದೊಡ್ಡತ್ತೆ. ಜಾಗ ಬಿಡದಿ ಕಡೆಗಿದೆಯಂತೆ. ಇವರಿಗೆ ಇರುವುದು ಬೈಕು. ಮೈಸೂರು ಎಕ್ಸ್‌ಪ್ರೆಸ್‌ವೇಯಲ್ಲಿ 2023ರ ಆಗಸ್ಟಿನಿಂದ ಬೈಕು ಬಿಡುವುದಿಲ್ಲ. ಸರ್ವಿಸ್ ರಸ್ತೆಯಲ್ಲೇ ಹೋಗಬೇಕು. ರೀಲ್ ಮಾಡಿದವರು ಕಾರಿನಲ್ಲಿ ಮೇಲಿನ ರಸ್ತೆಯಲ್ಲಿ ಹೋಗಿದ್ದಾರೆ, ನೋಡಿ.

ರಘು: ಕೆಂಗೇರಿವರೆಗೆ ಬೈಕು, ಆಮೇಲೆ ಮೆಟ್ರೋ. ವೈಟ್‌ಫೀಲ್ಡಿಗೆ ಒಂದೇ ಗಾಡಿ, ಇಳಿದು ಹತ್ತುವ ರಗಳೆ ಇಲ್ಲ.

ದಿವ್ಯ: ಒಂದೇ ಗಾಡಿ, ಸರಿ. ಅದರಲ್ಲಿ ಒಂದೂಕಾಲು ಗಂಟೆ ಕೂರಬೇಕು, ಸೀಟು ಸಿಕ್ಕರೆ. ಟಿಕೆಟ್ ಗರಿಷ್ಠ ದರ 2025ರಲ್ಲಿ 60ರಿಂದ 90 ಆಯಿತು. ನನಗಾದರೆ ವಿಧಾನಸೌಧಕ್ಕೆ ಬಿಎಂಟಿಸಿ ಫ್ರೀ. ಆದರೆ ಆ ಲೇಔಟಿನಿಂದ ಕೆಂಗೇರಿಗೆ ಬರುವುದು ಹೇಗೆ? ನೀವು ಬೈಕ್ ತೆಗೆದುಕೊಂಡು ಹೋದ ಮೇಲೆ ನಾನೂ ಪಾಪುವೂ ಅಲ್ಲೇ ಎಂಟು ಪಾರ್ಕು ಸುತ್ತುತ್ತಿರಬೇಕಾ?

ನಾಗರಾಜ ಚಿಕ್ಕಪ್ಪ: ಎಲ್ಲರೂ ಹೀಗೇ ಮಾತಾಡುತ್ತಾರಮ್ಮ. ಅಣ್ಣ ಉಪನಗರದಲ್ಲಿ ಮನೆ ಮಾಡಿದಾಗ ಊರವರೆಲ್ಲ ನಕ್ಕರು. "ಬೆಂಗಳೂರು ಬಿಟ್ಟು ಕೆಂಗೇರಿಗಾ" ಎಂದರು. ಈಗ ನೋಡಿ, 2021ರಿಂದ ಮನೆ ಹತ್ತಿರಕ್ಕೇ ಮೆಟ್ರೋ. ಅತ್ತಿಗೆ, ನೀವೇ ಹೇಳಿ, ಅವತ್ತು ಬಸ್ಸಿತ್ತಾ?

ಶಾರದಾ ದೊಡ್ಡಮ್ಮ: ಇತ್ತು. ಕಾಯಬೇಕಿತ್ತು ಅಷ್ಟೇ. ಆದರೆ ನಾಗರಾಜು, ನಾವು ಬಂದಾಗ ಪಾರ್ಕು ನಕ್ಷೆಯಲ್ಲೂ ಇತ್ತು, ನೆಲದ ಮೇಲೂ ಇತ್ತು. ಗಿಡ ಸಣ್ಣವಿದ್ದವು. ಈಗ ಹೊಂಗೆ ಮರದ ಕೆಳಗೆ ಮಧ್ಯಾಹ್ನ ಹೊತ್ತಲ್ಲೂ ಕೂರಬಹುದು. ಮೊದಲು ಹತ್ತು ಗಂಟೆಗೆ ಗೇಟು ಹಾಕಿ ಊಟದ ಹೊತ್ತು ಕಳೆದ ಮೇಲೆ ತೆಗೆಯುತ್ತಿದ್ದರು. 2024ರಲ್ಲಿ ಬೆಳಗ್ಗೆ 5ರಿಂದ ರಾತ್ರಿ 10ರವರೆಗೆ ತೆರೆದಿಡಬೇಕು ಎಂದು ಆದೇಶ ಬಂತು. ಒಳ್ಳೆಯದೇ ಆಯಿತು. ಸಂಜೆ ರೀಲ್ ಮಾಡುವ ಹುಡುಗರ ಕಾಟ ಮಾತ್ರ ಜಾಸ್ತಿ.

ಶಾರದಾ ದೊಡ್ಡಮ್ಮ: ಇಲ್ಲೆಲ್ಲ ಸ್ವರ್ಗ ಎಂದು ನಾನು ಹೇಳುತ್ತಿಲ್ಲ. ವೃಷಭಾವತಿ ವಾಸನೆ ಮೈಸೂರು ರಸ್ತೆಯ ಕಡೆ ಈಗಲೂ ಬರುತ್ತದೆ. ಮನೆ ನೋಡುವವರು ಬೆಳಗ್ಗೆ ಒಮ್ಮೆ, ರಾತ್ರಿ ಒಮ್ಮೆ ಬಂದು ಮೂಗಿಗೆ ಕೆಲಸ ಕೊಡಬೇಕು.

ವೀಣಾ: ಈಗ ಮೆಸೇಜ್ ನೋಡಿದೆ. ರಘು ಅಣ್ಣ, ರೀಲ್‌ನಲ್ಲಿ ಪಾರ್ಕು ಅಂತ ತೋರಿಸಿದ್ದು ಹುಲ್ಲು ಹಾಸು, ಒಂದು ಕಮಾನು, ಎರಡು ಜಾರುಬಂಡೆ. ಅದು ಯಾರ ಹೆಸರಿನಲ್ಲಿದೆ ಎಂದು ಕೇಳಿದೆಯಾ?

ರಘು: ಪಾರ್ಕು ಯಾರ ಹೆಸರಿನಲ್ಲಿದ್ದರೆ ಏನು? ಎಲ್ಲರದ್ದೂ ಅಲ್ವಾ?

ವೀಣಾ: ಅಲ್ಲ. ಅದೇ ತಾನೇ ವಿಷಯ. ಲೇಔಟ್ ಮಾಡಿದವನು ಪಾರ್ಕು, ರಸ್ತೆ ಎರಡನ್ನೂ ರಿಲಿಂಕ್ವಿಶ್‌ಮೆಂಟ್ ಡೀಡ್ ಬರೆದು ಯೋಜನಾ ಪ್ರಾಧಿಕಾರಕ್ಕೋ ಪಂಚಾಯಿತಿಗೋ ಬಿಟ್ಟುಕೊಡಬೇಕು. ಅಲ್ಲಿಯವರೆಗೆ ಆ ಹುಲ್ಲು ಅವನದೇ. ಸೈಟೆಲ್ಲ ಮಾರಿದ ಮೇಲೆ "ಎರಡನೇ ಹಂತ" ಎಂದು ಅದೇ ಪಾರ್ಕನ್ನು ಕತ್ತರಿಸಿ ನಾಲ್ಕು ಸೈಟು ಮಾಡಿದರೆ ನೀನು ಯಾವ ಕಾಗದ ಹಿಡಿದು ಜಗಳಕ್ಕೆ ಹೋಗುತ್ತೀಯ?

ಪವನ್: ಅಕ್ಕ ಕೋರ್ಟು ಶುರು ಮಾಡಿದಳು 🙏

ವೀಣಾ: ಮಾಡುತ್ತೇನೆ ಪವನ್, ಕೇಳಿಸಿಕೋ. ಸದಾಶಿವನಗರದ ಕಡೆ, ರಾಜಮಹಲ್ ವಿಲಾಸ್ ಬಡಾವಣೆಯಲ್ಲಿ ಪಾರ್ಕಿಗೆ ಬಿಟ್ಟ ಜಾಗವನ್ನು ಒಂದು ಖಾಸಗಿ ಆಸ್ಪತ್ರೆಗೆ ಕೊಟ್ಟಿದ್ದರು. ಮುಖ್ಯಮಂತ್ರಿಗಳ ಮಟ್ಟದಲ್ಲೇ ತೀರ್ಮಾನವಾಗಿತ್ತು. ಅಲ್ಲಿನ ನಿವಾಸಿಗಳು ಬಿಡಲಿಲ್ಲ. 1991ರಲ್ಲಿ ಸುಪ್ರೀಂ ಕೋರ್ಟ್ ಅವರ ಪರ ತೀರ್ಪು ಕೊಟ್ಟಿತು. ವಕೀಲರು ಮುದ್ದಪ್ಪ ಕೇಸು ಎನ್ನುತ್ತಾರೆ. ಅವರು ಗೆಲ್ಲುವುದಕ್ಕೆ ಒಂದು ಆಧಾರ ಇತ್ತು. ಮಂಜೂರಾದ ನಕ್ಷೆಯಲ್ಲಿ ಆ ಜಾಗ ಪಾರ್ಕು ಎಂದೇ ಇತ್ತು. ನಿನ್ನ ರೀಲ್‌ನ ಲೇಔಟಿಗೆ ಮಂಜೂರಾದ ನಕ್ಷೆ ಇದೆಯಾ?

ನಾಗರಾಜ ಚಿಕ್ಕಪ್ಪ: ಸರ್ಕಾರದ ಲೇಔಟೇ ಬೇಕು ಅನ್ನುವುದಾದರೆ ಕೆಂಪೇಗೌಡ ಬಡಾವಣೆ ನೋಡು ವೀಣಾ. ಬಿಡಿಎದೇ, ಅಂದರೆ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರದ್ದೇ. 2016ರಲ್ಲಿ ಸೈಟು ಹಂಚಿದರು. ನೀರು, ಚರಂಡಿ, ರಸ್ತೆ ಎಂದು ಜನ ಎಷ್ಟು ವರ್ಷ ಕಾದರು? ಕಾಗದ ಶುದ್ಧ ಇದ್ದರೆ ಸಾಕಾ?

ವೀಣಾ: ಸಾಲದು. ಈ ಮಾತು ಒಪ್ಪುತ್ತೇನೆ ಚಿಕ್ಕಪ್ಪ. ಬಿಡಿಎ ಮಾಡುವ ಬಡಾವಣೆಯಲ್ಲಿ ಕನಿಷ್ಠ ನೂರಕ್ಕೆ 15 ಭಾಗ ಪಾರ್ಕು, ಆಟದ ಮೈದಾನಕ್ಕೆ ಬಿಡಬೇಕು, ಅದರ ಮೇಲೆ 10 ಭಾಗ ಸಿಎ ಸೈಟಿಗೆ, ಅಂದರೆ ಶಾಲೆ, ಆಸ್ಪತ್ರೆಯಂಥ ಸಾರ್ವಜನಿಕ ಸೌಕರ್ಯಕ್ಕೆ. ಕಾಯ್ದೆಯಲ್ಲೇ ಇದೆ. ಆದರೆ ಬಿಟ್ಟ ಮಾತ್ರಕ್ಕೆ ಅಲ್ಲಿ ಮರ ಬೆಳೆಯುವುದಿಲ್ಲ, ನಲ್ಲಿಯಲ್ಲಿ ನೀರೂ ಬರುವುದಿಲ್ಲ. ಕಾಗದವನ್ನೂ ನೋಡಬೇಕು, ನಲ್ಲಿಯನ್ನೂ ತಿರುಗಿಸಿ ನೋಡಬೇಕು. ಆದರೆ ಕಾಗದವೂ ಇಲ್ಲ, ನಲ್ಲಿಯೂ ಇಲ್ಲ ಅನ್ನುವ ಕಡೆ ಅಡ್ವಾನ್ಸ್ ಯಾಕೆ ಕೊಡಬೇಕು?

ನಾಗರಾಜ ಚಿಕ್ಕಪ್ಪ: ಬೋರ್‌ವೆಲ್ ಇದೆ ಎಂದು ರೀಲ್‌ನಲ್ಲೇ ಹೇಳಿದ್ದಾರೆ.

ಶಾರದಾ ದೊಡ್ಡಮ್ಮ: 2024ರ ಬೇಸಿಗೆ ಮರೆತುಬಿಟ್ಟೆಯಾ ನಾಗರಾಜು? ಊರೆಲ್ಲ ಬೋರ್‌ವೆಲ್ ಬತ್ತಿ ಟ್ಯಾಂಕರಿಗೆ ಕ್ಯೂ ನಿಂತಿದ್ದರು. ನಮ್ಮ ಬೀದಿಗೆ ಕಾವೇರಿ ನೀರು ದಿನ ಬಿಟ್ಟು ದಿನವಾದರೂ ಬಂತು.

ರಘು: ಆಯಿತು, ಸುಮ್ನೆ ಜಗಳ ಬೇಡ. ಏಜೆಂಟಿಗೇ ಕೇಳಿದೆ. ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನೋಂದಣಿ ನಂಬರ್, ಮಂಜೂರಾದ ನಕ್ಷೆ ಕಳಿಸಿ ಎಂದೆ. ಉತ್ತರ ಹೀಗಿದೆ: "ಸರ್, ಅಪ್ರೂವಲ್ ಪ್ರೊಸೆಸ್‌ನಲ್ಲಿದೆ. ಈಗ ಬುಕ್ ಮಾಡಿದರೆ ಹಳೇ ರೇಟು. ಆಮೇಲೆ ರೇಟು ಜಾಸ್ತಿ ಆಗುತ್ತದೆ."

ವೀಣಾ: ನೋಡಿದೆಯಾ? ಇಷ್ಟು ದೊಡ್ಡ ಲೇಔಟ್ ಅಂದರೆ 2016ರ ರೇರಾ ಕಾಯ್ದೆಯ ಪ್ರಕಾರ ನೋಂದಣಿ ಆಗುವ ಮೊದಲು ಮಾರುವುದಿರಲಿ, ಜಾಹೀರಾತು ಹಾಕುವಂತೆಯೂ ಇಲ್ಲ. ಬುಕಿಂಗ್ ತೆಗೆದುಕೊಳ್ಳುವಂತೆಯೂ ಇಲ್ಲ. ಅವನು ಕಡಿಮೆ ರೇಟಿಗೆ ಕೊಡುತ್ತಿರುವುದು ಧಾರಾಳ ಮನಸ್ಸಿನಿಂದ ಅಲ್ಲ. ಅಪ್ರೂವಲ್ ಬರದಿದ್ದರೆ ಆಗುವ ನಷ್ಟವನ್ನು ನಿನ್ನ ತಲೆಗೆ ಕಟ್ಟುತ್ತಿದ್ದಾನೆ.

ಪವನ್: ಹಾಗಾದರೆ ರೀಲ್ ಡಿಲೀಟ್ ಮಾಡಲಾ?

ವೀಣಾ: ಬೇಡ, ಇರಲಿ. ಸ್ಕ್ರೀನ್‌ಶಾಟ್ ನನ್ನ ಹತ್ತಿರವೂ ಇದೆ.

ರಘು: ಎಲ್ಲ ಸರಿ ವೀಣಾ. ಆದರೆ ಅಪ್ರೂವಲ್ ಇರುವ ಕಡೆ ನನಗೆ ಸೈಟು ಎಟುಕುವುದಿಲ್ಲ. ಅದನ್ನೂ ಹೇಳು. ಸಂಬಳ ಎಷ್ಟು, ಲೋನ್ ಎಷ್ಟು ಸಿಗುತ್ತದೆ ಎಂಬುದು ನಿನಗೂ ಗೊತ್ತು.

ವೀಣಾ: ಗೊತ್ತು. ಸೈಟಿನ ಆಸೆಯನ್ನು ಸ್ವಲ್ಪ ದಿನ ಪಕ್ಕಕ್ಕಿಡು ಎನ್ನುವುದು ನನ್ನ ಮಾತು. ದೊಡ್ಡಮ್ಮನ ಕಡೆ ಹಳೇ ಮನೆಗಳ ಎರಡನೇ ಮಹಡಿ, ಹಳೇ ಫ್ಲಾಟು ಮಾರಾಟಕ್ಕೆ ಬರುತ್ತಿರುತ್ತವೆ. ಹೊಸ ಟೈಲ್ಸ್, ಕ್ಲಬ್‌ಹೌಸ್ ಇರುವುದಿಲ್ಲ. ಆದರೆ ಮಗು ನಡೆದುಕೊಂಡೇ ಹೋಗುವ ಪಾರ್ಕು ಹೊರಗಿದೆ, ಅದಕ್ಕೆ ತಿಂಗಳ ಮೇಂಟೆನೆನ್ಸ್ ಕಟ್ಟಬೇಕಿಲ್ಲ. ಇ-ಖಾತಾ (ಆಸ್ತಿಯ ಡಿಜಿಟಲ್ ಖಾತೆ), ಇಸಿ (ಆಸ್ತಿಯ ಮೇಲಿನ ಸಾಲ, ವಹಿವಾಟಿನ ದಾಖಲೆ) ಎಲ್ಲ ನಾನು ನೋಡುತ್ತೇನೆ.

ನಾಗರಾಜ ಚಿಕ್ಕಪ್ಪ: ಎರಡನೇ ಮಹಡಿಯಲ್ಲಿ ಭೂಮಿ ಎಲ್ಲಿ ಬಂತು? ನಾಳೆ ಮಾರಿದರೆ ಯಾರು ತೆಗೆದುಕೊಳ್ಳುತ್ತಾರೆ? ಹಳೇ ಕಟ್ಟಡದ ಬೆಲೆ ಇಳಿಯುತ್ತದೆ, ನೆಲದ ಬೆಲೆ ಏರುತ್ತದೆ. ಬ್ಯಾಂಕಿನಲ್ಲಿ ಇಡೀ ಜೀವನ ಕಳೆದವನು ಹೇಳುತ್ತಿದ್ದೇನೆ.

ದಿವ್ಯ: ಚಿಕ್ಕಮಾವ, ನಾವು ಮಾರುವುದಕ್ಕೆ ಅಲ್ಲ, ಇರುವುದಕ್ಕೆ ನೋಡುತ್ತಿದ್ದೇವೆ. ಪಾಪು ಸ್ಕೂಲಿಗೆ ಹೋಗುವುದು ಮುಂದಿನ ವರ್ಷ. ನೆಲದ ಬೆಲೆ ಏರುವಷ್ಟರಲ್ಲಿ ಅವನು ಕಾಲೇಜು ಸೇರಿರುತ್ತಾನೆ.

ಶಾರದಾ ದೊಡ್ಡಮ್ಮ: ನಮ್ಮ ಹಿಂದಿನ ಬೀದಿಯಲ್ಲಿ ಒಂದು ಮನೆ ಇದೆ. ಎರಡು ರೂಮು, ಎರಡನೇ ಮಹಡಿ, ಲಿಫ್ಟ್ ಇಲ್ಲ. ಓನರ್ ಮೈಸೂರಿಗೆ ಮಗನ ಹತ್ತಿರ ಹೋಗುತ್ತಾರಂತೆ. ನಾಳೆ ಬನ್ನಿ, ತಿಂಡಿಗೆ ಅಕ್ಕಿ ರೊಟ್ಟಿ ಮಾಡುತ್ತೇನೆ. ನೀರು ಬಿಡುವ ದಿನವೂ ನಾಳೆಯೇ.

ದಿವ್ಯ: ಬರುತ್ತೇವೆ ದೊಡ್ಡತ್ತೆ. ಭಾನುವಾರ ಮೆಟ್ರೋ ಶುರುವಾಗುವುದೇ 7ಕ್ಕೆ, 9 ಗಂಟೆ ಆಗಬಹುದು.

ರಘು: ನೋಡುವುದಕ್ಕೆ ಮಾತ್ರ. ಇನ್ನೂ ಏನೂ ತೀರ್ಮಾನ ಮಾಡಿಲ್ಲ.

ನಾಗರಾಜ ಚಿಕ್ಕಪ್ಪ: ನಾನೂ ಬರುತ್ತೇನೆ. ಓನರ್ ಹತ್ತಿರ ರೇಟು ಮಾತಾಡುವುದು ನಿಮ್ಮಿಬ್ಬರಿಂದ ಆಗುವ ಕೆಲಸ ಅಲ್ಲ.