ಹಾರಿಹೋದ ಸಾಕುಹಕ್ಕಿ: ಪಕ್ಷಿವೈದ್ಯರಿಗೆ ಕೇಳಿ

ತುರಾಯಿ: ಡಾಕ್ಟ್ರೇ, ನಮ್ಮ ಕಾಕಟೀಲ್ ಗಿಳಿ ಬೆಳಿಗ್ಗೆ ಹಾರಿಹೋಯ್ತು. ಮೂರನೇ ಮಹಡಿ ಎತ್ತರದ ಕೊಂಬೆಯಲ್ಲಿ ಕೂತಿದೆ. ಕರೆದರೆ ಕೂಗುತ್ತೆ, ಇಳಿಯಲ್ಲ.

ವೈದ್ಯ: ಹಠ ಅಲ್ಲ, ಇಳಿಯೋಕೆ ಬರಲ್ಲ. ಮನೆಯೊಳಗೆ ಬೆಳೆದ ಹಕ್ಕಿಗೆ ಎತ್ತರದಿಂದ ಕಡಿದಾಗಿ ಇಳಿದು ಅಭ್ಯಾಸವಿರಲ್ಲ. ಮರದ ಬುಡ ಬಿಡಿ. ಅದರ ಎತ್ತರಕ್ಕೆ ಹತ್ತಿರವಿರೋ ಮಹಡಿಯಿಂದ ಕರೆಯಿರಿ. ಅದರದ್ದೇ ಪಂಜರ ತನ್ನಿ, ಹೊಸದು ಬೇಡ. ಜೋಡಿಹಕ್ಕಿ ಇದ್ದರೆ ಇನ್ನೊಂದು ಪಂಜರದಲ್ಲಿ, ಬಾಗಿಲಿಗೆ ತಂತಿ ಬಿಗಿದು, ನೆರಳಲ್ಲಿ ಪಕ್ಕಕ್ಕಿಡಿ. ಖಾಲಿ ಪಂಜರದ ಮೇಲೊಂದು ನವಣೆ ತೆನೆ, ಒಳಗೆ ಬಾಗಿಲಿಂದ ದೂರದ ಮೂಲೆಯಲ್ಲಿ ಇನ್ನೊಂದು. ಬಾಗಿಲಿಗೆ ದಾರ ಕಟ್ಟಿ ದೂರ ಕೂರಿ. ಕೆಲಸ ಕೆಡೋದು ಇಲ್ಲೇ: ಹಕ್ಕಿ ಇನ್ನೂ ಹೊಸ್ತಿಲಲ್ಲಿರುವಾಗಲೇ ಎಳೀತಾರೆ. ಬಾಲಕ್ಕೆ ಬಾಗಿಲು ಬಡಿದರೆ ಮತ್ತೆ ಅತ್ತ ಸುಳಿಯೋದು ಕಷ್ಟ. ಪೂರ್ತಿ ಒಳಹೋಗಿ, ತಲೆ ತಗ್ಗಿಸಿ ನಾಲ್ಕೈದು ಕಾಳು ಬಿಡಿಸಲಿ, ಆಮೇಲೆ ಎಳೆಯಿರಿ. ಸಂಜೆವರೆಗೂ ಬರದಿದ್ದರೆ ಅದು ಮಲಗೋ ಕೊಂಬೆ ಗುರುತಿಟ್ಟುಕೊಳ್ಳಿ. ಬೆಳಕು ಹರಿಯೋ ಅರ್ಧ ಗಂಟೆ ಮೊದಲೇ ಅಲ್ಲಿರಿ. ಹಸಿದಿರುತ್ತೆ.

ನೀಲಿಗರಿ: ಪೈಪಿಂದ ನೀರು ಹೊಡೆದರೆ ರೆಕ್ಕೆ ನೆನೆದು ಕೆಳಗೆ ಬೀಳುತ್ತಂತೆ. ಫಾರ್ವರ್ಡ್ ಬಂದಿದೆ.

ವೈದ್ಯ: ಮೊದಲ ಹನಿಗೇ ಹಾರುತ್ತೆ. ಅರ್ಧ ನೆನೆದ ರೆಕ್ಕೆಯಲ್ಲಿ ಎಲ್ಲಿ ಬೀಳುತ್ತೋ ಹುಡುಕಿಕೊಳ್ಳಿ. ಬೇಡ.

ಜೋಡಿಲವ್: ಲವ್‌ಬರ್ಡ್‌ಗೆ ಕೂಗಿನ ರೆಕಾರ್ಡಿಂಗ್ ಹಾಕಬಹುದಾ ಸರ್?

ಹಳೇಪಂಜರ: ಕೊಂಬೆಗೆ ಇಲಿ ಅಂಟು ಹಚ್ಚಿ, ಸಿಕ್ಕೇ ಸಿಗುತ್ತೆ.

ವೈದ್ಯ: ಸಿಗುತ್ತೆ, ಗರಿ ಕಿತ್ತು ಚರ್ಮ ಹರಿದುಕೊಂಡು. ಇದನ್ನ ಇನ್ಯಾರಿಗೂ ಕಳಿಸಬೇಡಿ.

ಹಳೇಪಂಜರ: ರೆಕ್ಕೆ ಕತ್ತರಿಸಿದ್ದರೆ ಈ ಪಾಡೇ ಇರ್ತಿರಲಿಲ್ಲ.

ತುರಾಯಿ: ಕತ್ತರಿಸೇ ಇತ್ತು ರೀ! ಗಾಳಿಗೆ ಎದ್ದುಹೋಯ್ತು.

ಹಳೇಪಂಜರ: ಸರಿಯಾಗಿ ಕತ್ತರಿಸಿರಲ್ಲ.

ನೀಲಿಗರಿ: ಗರಿ ಉದುರಿ ಹೊಸದು ಬರುತ್ತೆ ಅನ್ನೋದಾದ್ರೂ ಗೊತ್ತಾ ನಿಮಗೆ?

ಹಳೇಪಂಜರ: ನಿಮ್ಮಿಂದ ಕಲೀಬೇಕಾಗಿಲ್ಲ.

ಮುಂಜಾವು: ತಪ್ಪಿಸಿಕೊಂಡ ಬಜ್ಜಿ ಗಿಳಿ (ಬಜರಿಗರ್) ಸಿಕ್ಕಿತು, ಆದರೆ ಬೆಕ್ಕು ಬಾಯಿ ಹಾಕಿತ್ತು. ಗಾಯ ಕಾಣ್ತಿಲ್ಲ, ನಾಳೆ ನೋಡಿದರಾಯ್ತಾ?

ವೈದ್ಯ: ನಾಳೆಗೆ ಬಿಡಬೇಡಿ, ಈಗಲೇ ಹೊರಡಿ. ಬೆಕ್ಕಿನ ಹಲ್ಲು ಸೂಜಿಯಷ್ಟು ಸಣ್ಣ ತೂತು ಮಾಡುತ್ತೆ, ಗರಿಯಡಿ ಕಾಣಲ್ಲ. ಅದರ ಬಾಯಲ್ಲಿರೋ ಪಾಶ್ಚುರೆಲ್ಲಾ ಅನ್ನೋ ಬ್ಯಾಕ್ಟೀರಿಯಾ ರಕ್ತಕ್ಕೆ ಸೇರಿದರೆ ಹಕ್ಕಿ ಒಂದೆರಡು ದಿನದಲ್ಲೇ ಸಾಯಬಹುದು. ಇವತ್ತೇ ಆ್ಯಂಟಿಬಯೋಟಿಕ್ ಶುರುವಾಗಬೇಕು. ಗಾಳಿಯಾಡೋ ಸಣ್ಣ ಡಬ್ಬಿಯಲ್ಲಿ ಬಟ್ಟೆ ಹಾಸಿ, ಕತ್ತಲು ಮಾಡಿ, ಬೆಚ್ಚಗಿಟ್ಟು ಒಯ್ಯಿರಿ. ಬಾಯಿಗೆ ನೀರು ಹಿಂಡಬೇಡಿ, ಶ್ವಾಸನಾಳಕ್ಕೆ ಹೋಗುತ್ತೆ.

ಕಡಲೆಕಾಳು: ನೀರು ಹೊಡೆದರೆ ಬೀಳುತ್ತಾ ಸರ್?

ವೈದ್ಯ: ಮೇಲೆ ಓದಿ.

ಜೋಡಿಲವ್: ರೆಕಾರ್ಡಿಂಗ್ ಕೇಳಿದ್ದೆ ಸರ್…

ತುರಾಯಿ: ಡಾಕ್ಟ್ರೇ! ಪಂಜರದ ಮೇಲೇ ಕೂತಿದೆ! ಕೈಯಲ್ಲಿ ಹಿಡಿದುಬಿಡ್ಲಾ?

ವೈದ್ಯ: ಮತ್ತೆ ದಾರ ಕಟ್ಟಿಸಿದ್ದು ಯಾಕ್ರೀ? ಫೋನ್ ಕೆಳಗಿಡಿ.