ಹತ್ತನೇ ತರಗತಿಯ ಸೆಂಡಾಫ್: ಒಂಬತ್ತನೆಯವರು ತಯಾರಿ ಹೇಗೆ ಮಾಡಿಕೊಳ್ಳಬೇಕು?

ಒಂಬತ್ತನೇ_ಬಿ_ಟೀಚರ್

ಎಲ್ಲರಿಗೂ ನಮಸ್ಕಾರ. ನಮ್ಮದು ಕೊಡಗಿನ ಸಿದ್ದಾಪುರ ಕಡೆಯ ಪ್ರೌಢಶಾಲೆ. ಈ ಸಲ ಎಸ್ಸೆಸ್ಸೆಲ್ಸಿಯಲ್ಲಿ 58 ಮಕ್ಕಳು, ಅವರಲ್ಲಿ 30 ಹೆಣ್ಣುಮಕ್ಕಳು. ವಾಡಿಕೆಯಂತೆ ಸೆಂಡಾಫ್ ಮಾಡಿಕೊಡಬೇಕಾದವರು ಒಂಬತ್ತನೇ ತರಗತಿಯ 66 ಮಕ್ಕಳು. ಶಿಕ್ಷಕರು, ಸಿಬ್ಬಂದಿ ಸೇರಿ 14 ಜನ. ದಿನ ಯಾವುದು ಇಟ್ಟುಕೊಳ್ಳಬೇಕು, ಊಟಕ್ಕೆ ಸಾಮಾನು ಎಷ್ಟು ಬೇಕು, ದೀಪ ಕೊಡುವ ಕಾರ್ಯಕ್ರಮ ಹೇಗೆ, ಗ್ರೂಪ್ ಫೋಟೊ ಯಾವಾಗ ಎಂದು ತಿಳಿದವರು ಹೇಳಿ. ಹುಡುಗಿಯರು ಕೊಡಗಿನ ಶೈಲಿಯಲ್ಲಿ ಸೀರೆ ಉಡುತ್ತೇವೆ ಎಂದು ಹಟ ಹಿಡಿದಿದ್ದಾರೆ. ಅರ್ಧದಷ್ಟು ಮಕ್ಕಳು ಕಾಫಿ ತೋಟದ ಲೈನ್ ಮನೆಗಳಿಂದ, ಅಂದರೆ ಕೂಲಿಕಾರರ ಸಾಲುಮನೆಗಳಿಂದ ಬರುವವರು. ದುಡ್ಡಿಲ್ಲ ಎಂಬ ಕಾರಣಕ್ಕೆ ಒಂದು ಮಗುವೂ ಆ ದಿನ ಮನೆಯಲ್ಲಿ ಉಳಿಯಬಾರದು, ನನಗೆ ಮುಖ್ಯವಾಗಿ ಅದು ಬೇಕು.

ಮೈದಾನದ_ಮೇಷ್ಟ್ರು

ಟೀಚರ್, ದುಡ್ಡಿನ ವಿಷಯವನ್ನೇ ಮೊದಲು ತೀರ್ಮಾನ ಮಾಡಿ, ಉಳಿದದ್ದೆಲ್ಲ ಅದರ ಮೇಲೆ ನಿಲ್ಲುತ್ತದೆ. ಇಷ್ಟು ಕೊಡಲೇಬೇಕು ಎಂದು ಮೊತ್ತ ಹೇಳಬೇಡಿ. ಒಂಬತ್ತನೆಯ ಪ್ರತಿ ಮಗುವಿಗೂ ಒಂದೇ ಥರದ ಕವರ್ ಕೊಡಿ, ಹೆಸರು ಬರೆಯುವುದು ಬೇಡ. ಕೈಲಾದಷ್ಟು ಹಾಕಲಿ, ಏನೂ ಹಾಕದಿದ್ದರೂ ಕವರ್ ಅಂಟಿಸಿ ವಾಪಸ್ ಕೊಡಲಿ. ಎಣಿಸುವುದು ನೀವು ಮತ್ತು ಇನ್ನೊಬ್ಬ ಶಿಕ್ಷಕರು ಮಾತ್ರ. ಕೊಟ್ಟವರ ಪಟ್ಟಿಯನ್ನು ತರಗತಿಯಲ್ಲಿ ಓದಿದರೆ ಕೊಡಲಾಗದ ಮಗು ಮಾರನೇ ದಿನದಿಂದಲೇ ಜ್ವರ ಎಂದು ಹೇಳುತ್ತದೆ, ಸೆಂಡಾಫ್ ದಿನವಂತೂ ಬರುವುದೇ ಇಲ್ಲ. ಖರ್ಚನ್ನು ಕೈಗೆ ಬಂದ ಮೊತ್ತದೊಳಗೆ ಹೊಂದಿಸಿ. ಮೊದಲು ಖರ್ಚು ನಿಗದಿ ಮಾಡಿ ಆಮೇಲೆ ವಸೂಲಿಗೆ ಇಳಿಯುವುದು ತಪ್ಪು ದಾರಿ.

ದಿನ: ಪೂರ್ವಸಿದ್ಧತಾ ಪರೀಕ್ಷೆ ಮುಗಿದ ಮರುದಿನ. ಪರೀಕ್ಷೆಗೆ ಮೊದಲೇ ಇಟ್ಟರೆ ಡ್ಯಾನ್ಸ್ ಅಭ್ಯಾಸದಲ್ಲಿ ಓದು ಹಾಳು. ತೀರಾ ತಡವಾದರೆ ಮುಖ್ಯ ಪರೀಕ್ಷೆಯ ಭಯ ಹತ್ತಿ ಮಕ್ಕಳ ಮನಸ್ಸು ಅಲ್ಲಿರುವುದಿಲ್ಲ. ನಿಮ್ಮ ಕಡೆ ಆಗ ರೊಬಸ್ಟಾ ಕಾಫಿಯ ಕೊಯ್ಲೂ ಇರುತ್ತದೆ, ಪೋಷಕರನ್ನು ಇಡೀ ದಿನ ಕರೆಯಬೇಡಿ. ಸಂತೆಯ ದಿನವನ್ನೂ ಬಿಡಿ, ಬಸ್ಸಿನಲ್ಲಿ ಕಾಲಿಡಲು ಜಾಗ ಸಿಗುವುದಿಲ್ಲ.

ಸಮಯ: 3.30ಕ್ಕೆ ಕೊನೆಯ ಮಗು ಗೇಟು ದಾಟಿರಬೇಕು. ಸಿದ್ದಾಪುರ, ಮಾಲ್ದಾರೆ ಕಡೆ ತೋಟದ ದಾರಿಯಲ್ಲಿ ಸಂಜೆ ಆನೆ ನಿಂತಿರುವುದು ಹೊಸದೇನಲ್ಲ. ಆ ದಾರಿಯಲ್ಲಿ ಮಕ್ಕಳು ಕತ್ತಲೆಗೆ ನಡೆಯುವಂತೆ ಆಗಲೇಬಾರದು. ತಡವಾಗುವುದು ಮಕ್ಕಳಿಂದಲ್ಲ, ಭಾಷಣಗಳಿಂದ. ಅತಿಥಿ ಒಬ್ಬರೇ ಸಾಕು, ಅವರಿಗೆ 10 ನಿಮಿಷ. ಶಿಕ್ಷಕರಿಗೆ ತಲಾ 3 ನಿಮಿಷ, ಮಾತಾಡಲು ಇಷ್ಟಪಡುವ 6 ಮಕ್ಕಳಿಗೆ ತಲಾ 3 ನಿಮಿಷ. ಹಾರ, ಶಾಲು, ಹಣ್ಣಿನ ಬುಟ್ಟಿ ಎಲ್ಲ ಬಿಟ್ಟರೆ ಅರ್ಧ ಗಂಟೆಯೂ ಉಳಿಯುತ್ತದೆ, ದುಡ್ಡೂ ಉಳಿಯುತ್ತದೆ.

ದೀಪದ ಬಗ್ಗೆ ಗಟ್ಟಿಯಾಗಿಯೇ ಹೇಳುತ್ತೇನೆ. 58 ಮಕ್ಕಳ ಕೈಗೂ ಮೇಣದಬತ್ತಿ ಕೊಡಬೇಡಿ. ಒಬ್ಬರ ಹಿಂದೆ ಒಬ್ಬರು ನಿಂತಿರುವಾಗ ಮುಂದಿನವಳ ಜಡೆ, ಸೀರೆಯ ಸೆರಗು ಜ್ವಾಲೆಗೆ ಒಂದು ಗೇಣು ದೂರದಲ್ಲಿರುತ್ತವೆ. ಪಾಲಿಯೆಸ್ಟರ್ ಸೀರೆ ಹೊತ್ತಿಕೊಂಡರೆ ಕರಗಿ ಮೈಗೆ ಅಂಟುತ್ತದೆ. ವೇದಿಕೆಯ ಮೇಲೆ ಹಿತ್ತಾಳೆಯ ಒಂದೇ ದೀಪ ಇಡಿ. ಹತ್ತನೆಯ ಲೀಡರ್ ಅದರಿಂದ ಒಂದು ಮೇಣದಬತ್ತಿ ಹಚ್ಚಿ ಒಂಬತ್ತನೆಯ ಲೀಡರ್ ಕೈಗೆ ಕೊಡಲಿ, ಉಳಿದವರು ಕೂತಲ್ಲೇ ಎದ್ದು ನಿಲ್ಲಲಿ. ಬತ್ತಿಯನ್ನು ಪೇಪರ್ ಕಪ್ಪಿನ ತಳಕ್ಕೆ ಅಡ್ಡ ಮತ್ತು ಉದ್ದ ಸೀಳು ಹಾಕಿ ಕೆಳಗಿನಿಂದ ತೂರಿಸಿ, ಕರಗಿದ ಮೇಣ ಕಪ್ಪಿನಲ್ಲೇ ನಿಲ್ಲುತ್ತದೆ. ಫ್ಯಾನ್ ಆರಿಸಿ. ಪಕ್ಕದಲ್ಲಿ ಒಂದು ಬಕೆಟ್ ನೀರಿರಲಿ. ಹೀಗೆ ಮಾಡಿದರೆ ಇಡೀ ಸಭೆಯ ಕಣ್ಣು ಆ ಒಂದು ದೀಪದ ಮೇಲೇ ಇರುತ್ತದೆ, ನೋಡಲೂ ಅದೇ ಚೆನ್ನ.

ಫೋಟೊ_ಸ್ಟುಡಿಯೊ

ಗ್ರೂಪ್ ಫೋಟೊ ಬೆಳಿಗ್ಗೆ 10ಕ್ಕೆ, ಯೂನಿಫಾರಂನಲ್ಲಿ, ಸೀರೆ ಉಡುವ ಮೊದಲು. ಸೀರೆ ಉಟ್ಟ ಮೇಲೆ ಬೆಂಚು ಹತ್ತಲು ಹೇಳಿದರೆ ನೆರಿಗೆ ತುಳಿದು ಬೀಳುತ್ತಾರೆ.

ಹತ್ತನೆಯವರು, ಶಿಕ್ಷಕರು, ಸಿಬ್ಬಂದಿ ಸೇರಿ 72 ಜನಕ್ಕೆ ನಾಲ್ಕು ಸಾಲು: ನೆಲದ ಮೇಲೆ 18, ಕುರ್ಚಿಯಲ್ಲಿ ಶಿಕ್ಷಕರು 14, ಕುರ್ಚಿಯ ಹಿಂದೆ ನಿಂತವರು 20, ಬೆಂಚಿನ ಮೇಲೆ 20. ಮೈದಾನದ ನೆಲ ಸಮ ಇಲ್ಲದಿದ್ದರೆ ಬೆಂಚು ಅಲುಗಾಡುತ್ತದೆ. ಜಗಲಿಗೆ ಮೆಟ್ಟಿಲಿದ್ದರೆ ಬೆಂಚೇ ಬೇಡ. ಫೆಬ್ರವರಿಯಲ್ಲಿ ನಮ್ಮಲ್ಲಿ ಹುಲ್ಲಿನ ಮೇಲಿನ ಇಬ್ಬನಿ ಬೇಗ ಆರುವುದಿಲ್ಲ. ನೆಲದಲ್ಲಿ ಕೂರುವ ಸಾಲಿಗೆ ಜಮಖಾನ ಹಾಸಿ, ಇಲ್ಲವಾದರೆ ಎದ್ದಾಗ ಹಿಂಭಾಗವೆಲ್ಲ ಒದ್ದೆ, ಆ ಮಕ್ಕಳು ದಿನವಿಡೀ ಮುಜುಗರಪಡಬೇಕಾಗುತ್ತದೆ. ಕಟ್ಟಡದ ನೆರಳಿನಲ್ಲಿ ಎಲ್ಲರೂ ನಿಲ್ಲುವಂತಿರಲಿ. ಅರ್ಧ ಸಾಲು ಬಿಸಿಲು, ಅರ್ಧ ಸಾಲು ನೆರಳು ಆದರೆ ಯಾವ ಕ್ಯಾಮೆರಾದಿಂದಲೂ ಸರಿಪಡಿಸಲಾಗುವುದಿಲ್ಲ.

ಕನಿಷ್ಠ 8 ಸಲ ತೆಗೆಸಿ, ಒಬ್ಬರಲ್ಲ ಒಬ್ಬರು ಕಣ್ಣು ಮುಚ್ಚಿರುತ್ತಾರೆ. ಸಾಲು ಚದುರುವ ಮೊದಲು ಎಡದಿಂದ ಬಲಕ್ಕೆ ಹೆಸರು ಬರೆದುಕೊಳ್ಳಿ. ಇಪ್ಪತ್ತು ವರ್ಷದ ನಂತರ ಫೋಟೊದ ಬೆಲೆ ಇರುವುದು ಆ ಹೆಸರುಗಳಲ್ಲಿ. ಪ್ರಿಂಟ್ ಎಲ್ಲರೂ ಕೊಳ್ಳಲೇಬೇಕು ಎಂದು ಮಾಡಬೇಡಿ, ಶಾಲೆಗೆ ಒಂದು ದೊಡ್ಡದು ಮಾಡಿಸಿ, ಮಕ್ಕಳಿಗೆ ಮೊಬೈಲಿನಲ್ಲಿ ಕಳಿಸಿದರೆ ಸಾಕು.

ದೊಡ್ಡ_ಒಲೆ

ಒಟ್ಟು 138 ಆಯಿತು, 140ಕ್ಕೆ ಲೆಕ್ಕ ಹಾಕೋಣ. ಎಲ್ಲರೂ ಒಟ್ಟಿಗೆ ಕೂತು ಉಣ್ಣಬೇಕು, ಹಾಗಾಗಿ ಸಸ್ಯಾಹಾರವೇ ಇರಲಿ. ತರಕಾರಿ ಪಲಾವ್, ಮೊಸರುಬಜ್ಜಿ, ಕೇಸರಿಬಾತ್ ಸಾಕು.

ಪಲಾವಿಗೆ ಸೋನಾ ಮಸೂರಿ 15 ಕೆಜಿ, ಬೀನ್ಸ್, ಕ್ಯಾರೆಟ್, ಆಲೂಗೆಡ್ಡೆ, ಬಟಾಣಿ ಸೇರಿ 7 ಕೆಜಿ, ಎಣ್ಣೆ 2 ಲೀಟರ್. ಮೊಸರುಬಜ್ಜಿಗೆ ಮೊಸರು 8 ಲೀಟರ್, ಈರುಳ್ಳಿ 3 ಕೆಜಿ. ಉಪ್ಪನ್ನು ಬಡಿಸುವ ಹೊತ್ತಿಗೆ ಹಾಕಿ, ಮೊದಲೇ ಹಾಕಿದರೆ ಈರುಳ್ಳಿ ನೀರು ಬಿಟ್ಟು ತೆಳ್ಳಗಾಗುತ್ತದೆ. ಕೇಸರಿಬಾತಿಗೆ ರವೆ ಎರಡೂವರೆ ಕೆಜಿ, ಸಕ್ಕರೆ 5 ಕೆಜಿ, ತುಪ್ಪ ಒಂದೂವರೆ ಕೆಜಿ, ನೀರು ಏಳೂವರೆ ಲೀಟರ್. ರವೆ ಪೂರ್ತಿ ಬೆಂದು ಅರಳಿದ ಮೇಲೆಯೇ ಸಕ್ಕರೆ. ಅವಸರ ಮಾಡಿ ಮೊದಲೇ ಸುರಿದರೆ ರವೆ ಬೇಯುವುದು ಅಲ್ಲಿಗೇ ನಿಲ್ಲುತ್ತದೆ, ಎಷ್ಟು ಕೆದಕಿದರೂ ಹಲ್ಲಿಗೆ ಸಿಗುತ್ತದೆ.

15 ಕೆಜಿ ಅಕ್ಕಿಯನ್ನು ಒಂದೇ ಪಾತ್ರೆಗೆ ಹಾಕಬೇಡಿ, ತಳ ಸೀದು ಮೇಲೆ ಅಕ್ಕಿ ಗಟ್ಟಿಯಾಗಿ ಉಳಿಯುತ್ತದೆ. ಏಳೂವರೆ ಕೆಜಿಯಂತೆ ಎರಡು ಸಲ ಮಾಡಿ. ಹಳೆ ಅಕ್ಕಿಗೆ ಒಂದು ಪಾವಿಗೆ ಎರಡು ಪಾವು ನೀರು, ಹೊಸ ಅಕ್ಕಿಯಾದರೆ ಒಂದೂಮುಕ್ಕಾಲು. ಬಿಸಿಯೂಟದ ಪಾತ್ರೆ, ತಟ್ಟೆ ಬಳಸುವುದಾದರೆ ಮುಖ್ಯೋಪಾಧ್ಯಾಯರನ್ನು ಮೊದಲೇ ಕೇಳಿ. ಅಡುಗೆ ಅಕ್ಕಂದಿರಿಗೂ ಆ ದಿನದ ಕೂಲಿ ಲೆಕ್ಕದಲ್ಲಿ ಸೇರಿಸಿ. ಬಡಿಸುವವರು ಒಂಬತ್ತನೆಯವರು, ಹತ್ತನೆಯವರು ಎದ್ದು ಒಂದು ಲೋಟ ನೀರನ್ನೂ ತೆಗೆದುಕೊಳ್ಳಬಾರದು. ಸೆಂಡಾಫ್ ಎಂದರೆ ಅದೇ.

ಪೊನ್ನಂಪೇಟೆ_ಅಮ್ಮ

ಸೀರೆ ವಿಷಯ ನಾನು ಹೇಳುತ್ತೇನೆ. ಮಕ್ಕಳು ಯೂನಿಫಾರಂನಲ್ಲೇ ಬರಲಿ, ಶಾಲೆಯಲ್ಲೇ ಉಡಿಸಿ. ಒಬ್ಬಳಿಗೆ 7 ನಿಮಿಷ ಹಿಡಿಯುತ್ತದೆ. 30 ಜನಕ್ಕೆ ಒಬ್ಬರೇ ನಿಂತರೆ ಮೂರೂವರೆ ಗಂಟೆ, ನಾಲ್ಕು ತಾಯಂದಿರು ಬಂದರೆ ಒಂದು ಗಂಟೆಯೊಳಗೆ ಮುಗಿಯುತ್ತದೆ. ತಲಾ 5 ಪಿನ್, ಅಂದರೆ 150, ಇನ್ನೊಂದು 20 ಹೆಚ್ಚಿಗೆ ಇಟ್ಟುಕೊಳ್ಳಿ.

ನಮ್ಮ ಶೈಲಿಯಲ್ಲಿ ನೆರಿಗೆ ಹಿಂದಕ್ಕೆ. ಸೆರಗು ಬೆನ್ನಿನಿಂದ ಎಡ ಕಂಕುಳ ಕೆಳಗೆ ಬಂದು ಎದೆಯ ಮೇಲೆ ಬಿಗಿಯಾಗಿ ಹಾದು, ಬಲ ಭುಜದ ಮೇಲೆ ಪಿನ್ ಆಗಬೇಕು. ನೆರಿಗೆಯನ್ನು ಸಿಕ್ಕಿಸುವ ಮೊದಲು ಮೇಲ್ತುದಿಯಲ್ಲಿ ಒಂದು ಪಿನ್ ಹಾಕಿ ಒಟ್ಟು ಮಾಡಿ, ಕುಣಿಯುವಾಗ ಜಾರುವುದು ಅಲ್ಲೇ. ಭುಜದ ಪಿನ್ ರವಿಕೆಯನ್ನೂ ಹಿಡಿದಿರಲಿ. ಬರೀ ಸೀರೆಗೆ ಚುಚ್ಚಿದರೆ ಎಳೆತಕ್ಕೆ ರೇಷ್ಮೆ ಹರಿಯುತ್ತದೆ. ಅಂಚು ಹಿಮ್ಮಡಿಗಿಂತ ಒಂದು ಬೆರಳು ಮೇಲಿರಲಿ.

ಸೀರೆ ಕಡ್ಡಾಯ ಮಾಡಬೇಡಿ ಟೀಚರ್. ಇಲ್ಲದವರಿಗೆ ಕೊಡಲು ನಾಲ್ಕೈದು ಸೀರೆ ಒಗೆದು ಇಸ್ತ್ರಿ ಮಾಡಿ ನಿಮ್ಮ ಹತ್ತಿರವೇ ಇಟ್ಟುಕೊಳ್ಳಿ, ಯಾರದ್ದು ಎಂದು ಹೇಳುವುದು ಬೇಡ. ಗಂಡುಮಕ್ಕಳು ಕುಪ್ಯ (ನಮ್ಮ ಉದ್ದ ಕೋಟು), ಚೇಲೆ (ಸೊಂಟದ ಪಟ್ಟಿ) ಹಾಕಿಕೊಂಡು ಬರುವುದಾದರೆ ಬರಲಿ. ಪೀಚೆಕತ್ತಿ ಮಾತ್ರ ಮನೆಯಲ್ಲೇ ಇರಲಿ, ಅದು ನಿಜವಾದ ಕತ್ತಿ. ಕೊನೆಗೆ 20 ನಿಮಿಷ ವಾಲಗ (ನಮ್ಮ ಕುಣಿತದ ವಾದ್ಯ) ಹಾಕಿ. ಕೊಡವರು, ಗೌಡರು, ಮಲಯಾಳ ಮಾತಾಡುವವರು, ಯರವರ ಮಕ್ಕಳು, ಎಲ್ಲರ ಕಾಲಿಗೂ ಆ ತಾಳ ಗೊತ್ತು. ಕರೆಂಟ್ ಹೋಗುವುದು ಇದ್ದದ್ದೇ, ಬ್ಯಾಟರಿ ಸ್ಪೀಕರ್ ಒಂದನ್ನು ಹಿಂದಿನ ರಾತ್ರಿಯೇ ಚಾರ್ಜ್ ಮಾಡಿ.

ಒಂಬತ್ತನೇ_ಬಿ_ಟೀಚರ್

ಎಲ್ಲರಿಗೂ ತುಂಬಾ ಧನ್ಯವಾದ. ಇನ್ನೆರಡು ಮಾತು. ಕೊನೆಯ ದಿನ ಒಬ್ಬರ ಶರ್ಟ್ ಮೇಲೆ ಒಬ್ಬರು ಪೆನ್ನಿನಲ್ಲಿ ಬರೆಯುವ ಚಾಳಿ ಇದೆ, ಅದನ್ನು ಹೇಗೆ ತಡೆಯುವುದು? ಶಾಲೆಗೆ ನೆನಪಿಗೆ ಒಂದು ಗಿಡ ನೆಡಬೇಕೆಂದೂ ಮಕ್ಕಳ ಆಸೆ.

ಮೈದಾನದ_ಮೇಷ್ಟ್ರು

ಬೈದು ತಡೆಯಲು ಹೋಗಬೇಡಿ, ಬರೆಯಲು ಬೇರೆ ಜಾಗ ಕೊಡಿ. ಆ ಶರ್ಟ್ ಎಷ್ಟೋ ಮನೆಯಲ್ಲಿ ಜೂನ್‌ನಲ್ಲಿ ತಮ್ಮನ ಮೈಗೆ ಹೋಗಬೇಕಾದದ್ದು, ಇದನ್ನು ಮಕ್ಕಳಿಗೆ ಹೇಳಿದರೆ ಅರ್ಥವಾಗುತ್ತದೆ. 4 ಮೀಟರ್ ಬಿಳಿ ಕಾಟನ್ ಬಟ್ಟೆ ತಂದು ಒಮ್ಮೆ ಒಗೆದು ಗಂಜಿ ತೆಗೆಯಿರಿ, ಗಂಜಿ ಇದ್ದರೆ ಶಾಯಿ ಹಿಡಿಯದೆ ಆಮೇಲೆ ಒರೆಸಿಹೋಗುತ್ತದೆ. ಅಡಿಗೆ ರಟ್ಟು ಹಾಸಿ, ಇಲ್ಲವಾದರೆ ಮೇಜಿಗೆ ಇಳಿಯುತ್ತದೆ. ಪರ್ಮನೆಂಟ್ ಮಾರ್ಕರ್ 6 ಸಾಕು. ಪ್ರತಿ ಮಗುವಿಗೆ ಒಂದು ಗೇಣು ಜಾಗವನ್ನು ಪೆನ್ಸಿಲಿನಲ್ಲಿ ಗುರುತು ಮಾಡಿ, ಮೊದಲು ಬಂದ ಹತ್ತು ಜನ ಅರ್ಧ ಬಟ್ಟೆ ತುಂಬಿಸಿಬಿಡುತ್ತಾರೆ.

ಗಿಡವನ್ನು ಆ ದಿನ ನೆಡಲೇಬೇಡಿ. ಮುಂದೆ ಬಿಸಿಲು, ಏಪ್ರಿಲ್, ಮೇ ರಜೆಯಲ್ಲಿ ನೀರು ಹಾಕುವವರಿಲ್ಲ, ಕಾಫಿ ಹೂ ಅರಳಿಸುವ ಹೂಮಳೆ ಒಂದೆರಡು ಬಿದ್ದರೂ ಎಳೆ ಬೇರಿಗೆ ಸಾಲದು. ನೇರಳೆಯದೋ ಹಲಸಿನದೋ ಒಂದು ಸಸಿಯನ್ನು ಸಮಾರಂಭದಲ್ಲಿ ಕುಂಡದಲ್ಲೇ ಒಂಬತ್ತನೆಯವರ ಕೈಗೆ ಒಪ್ಪಿಸಲಿ. ರಜೆಯಲ್ಲಿ ಶಾಲೆಯ ಹತ್ತಿರದ ಮನೆಯ ಮಗು ನೋಡಿಕೊಳ್ಳಲಿ. ಗುಂಡಿಯನ್ನು ಮೇ ಕೊನೆಗೆ ಒಂದೂವರೆ ಅಡಿ ಆಳ, ಅಷ್ಟೇ ಅಗಲ ತೆಗೆದು, ಮೇಲ್ಮಣ್ಣಿಗೆ ಒಂದು ಬುಟ್ಟಿ ಕೊಟ್ಟಿಗೆ ಗೊಬ್ಬರ ಬೆರೆಸಿಡಿ. ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ನೆಟ್ಟು, ಹಸು ಬಾಯಿ ಹಾಕದಂತೆ ಬಿದಿರಿನ ಬೇಲಿ ಕಟ್ಟಿ. ಅಷ್ಟರಲ್ಲಿ ಫಲಿತಾಂಶವೂ ಬಂದಿರುತ್ತದೆ. ಟಿಸಿ, ಅಂಕಪಟ್ಟಿಗೆ ಹಳೆ ಮಕ್ಕಳು ಶಾಲೆಗೆ ಬರುತ್ತಾರಲ್ಲ, ಆ ದಿನವೇ ಇಟ್ಟುಕೊಂಡರೆ ಅವರ ಕೈಯಿಂದಲೇ ಮಣ್ಣು ಹಾಕಿಸಬಹುದು.